ಹಗಲಿನ ಕರೆಂಟ್ ಹಗಲೇ ಖರ್ಚಾಗಲಿ

ನಮ್ಮ ಮನೆಯಲ್ಲಿ ಸಂಪಿನ ಮೋಟಾರು ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಓಡುವುದಿಲ್ಲ. ಸಂಜೆ ಆರರ ಮೇಲಂತೂ ಅದರ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ. ಇಸ್ತ್ರಿ, ವಾಷಿಂಗ್ ಮಷಿನ್, ದೋಸೆ ಹಿಟ್ಟಿನ ಗ್ರೈಂಡರ್, ಮಗಳ ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜಿಂಗ್, ಎಲ್ಲಕ್ಕೂ ಹೊತ್ತು ಗೊತ್ತುಮಾಡಿದ್ದೇವೆ. ಮಾಳಿಗೆಯ ಮೇಲೆ ಮೂರು ಕಿಲೋವಾಟ್ ಸೋಲಾರ್ ಇದೆ, ಬಿಲ್ಲು ಹೆಚ್ಚುಕಡಿಮೆ ಸೊನ್ನೆಗೆ ಬಂದಿದೆ, ಇನ್ನೂ ಏಕೆ ಈ ಕಟ್ಟುನಿಟ್ಟು ಎಂದು ಮನೆಗೆ ಬಂದವರು ಕೇಳುತ್ತಾರೆ. ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ನೌಕರಿಯ ಬಹುಭಾಗ ಕಳೆದದ್ದು ರಾಯಚೂರಿನ ಪಕ್ಕದ ಶಕ್ತಿನಗರದಲ್ಲಿ, ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಥರ್ಮಲ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ. 210 ಮೆಗಾವಾಟಿನ ಏಳು ಘಟಕಗಳು, 250ರದ್ದು ಒಂದು, ಒಟ್ಟು 1,720 ಮೆಗಾವಾಟ್. 1985ರಲ್ಲಿ ಮೊದಲ ಘಟಕ ಶುರುವಾದಾಗಿನಿಂದ ಕರ್ನಾಟಕದ ಕರೆಂಟಿನ ಮಾತು ಬಂದರೆ ಅದರ ಹೆಸರು ಬರುತ್ತದೆ. ಪಾಳಿಗೆ ಕೂತವನ ಕಣ್ಣು ನೂರು ಮೀಟರುಗಳ ಮೇಲೆ ಓಡಾಡುತ್ತಿದ್ದರೂ ಮತ್ತೆ ಮತ್ತೆ ಮರಳುತ್ತಿದ್ದದ್ದು ಒಂದೇ ಅಂಕಿಗೆ: ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ತುಯ್ಯುತ್ತದೆ ಎಂಬ ಲೆಕ್ಕ. ನಮ್ಮ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದು 50 ಹರ್ಟ್ಸ್. ಊರೂರುಗಳಲ್ಲಿ ಜನ ಒಟ್ಟಿಗೆ ಸ್ವಿಚ್ ಹಾಕಿ ಬೇಡಿಕೆ ಏರಿದರೆ ಟರ್ಬೈನಿನ ಮೇಲೆ ಭಾರ ಬಿದ್ದು ಅದರ ವೇಗ ಕುಗ್ಗುತ್ತದೆ. 49.9ಕ್ಕೆ ಇಳಿಯಿತೆಂದರೆ 2,994 ಸುತ್ತು. ಆರು ಸುತ್ತಿನ ವ್ಯತ್ಯಾಸ ಏನು ಮಹಾ ಎನಿಸಬಹುದು. ಆದರೆ ಈಗಿನ ನಿಯಮದಲ್ಲಿ ಗ್ರಿಡ್, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಜಾಲ, ಓಡಾಡಬೇಕಾದ ಹಾದಿಯೇ 49.90ರಿಂದ 50.05ರವರೆಗೆ, ಅಷ್ಟು ಕಿರಿದು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಬೇಸಿಗೆಯ ಸಂಜೆಗಳಲ್ಲಿ ದಕ್ಷಿಣದ ಗ್ರಿಡ್ 48.5ಕ್ಕಿಂತ ಕೆಳಗೆ ಇಳಿಯುವುದನ್ನು ನೋಡಿದ್ದೇನೆ. ಟರ್ಬೈನಿನ ಸದ್ದೇ ಬದಲಾಗುತ್ತಿತ್ತು. ಅದನ್ನು ಕೇಳಿಸಿಕೊಂಡವರಿಗೆ ಕರೆಂಟ್ ಎಂದರೆ ಬರೀ ಯೂನಿಟ್ಟಿನ ಲೆಕ್ಕವಲ್ಲ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಎರಡು ದಿನ ಬೆನ್ನುಬೆನ್ನಿಗೆ ಕತ್ತಲಲ್ಲಿ ಮುಳುಗಿತ್ತಲ್ಲ, ಆಗ ನಮಗೆ ಏನೂ ಆಗಲಿಲ್ಲ. ಅಂದು ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಕೊಂಡಿಗಳ ಮೂಲಕ ಮಾತ್ರ ಸೇರಿತ್ತು, ಅವುಗಳಲ್ಲಿ ಫ್ರೀಕ್ವೆನ್ಸಿ ದಾಟುವುದಿಲ್ಲ, ಹಾಗಾಗಿ ಆ ಕಡೆಯ ಏಟು ಈ ಕಡೆ ದಾಟಲಿಲ್ಲ. ಮರುವರ್ಷ, 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆಯಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ದೇಶದ ಟರ್ಬೈನುಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತಿವೆ. ಆ ಜೋಡಣೆ ನಡೆದದ್ದು ನಮ್ಮ ಜಿಲ್ಲೆಯ ಹೆಸರಿನಲ್ಲಿ ಎನ್ನುವುದು ನನಗೆ ಇವತ್ತಿಗೂ ಹೆಮ್ಮೆ. ರಾಯಚೂರೆಂದರೆ ಬಿಸಿಲು, ಧೂಳು ಎಂದು ಮಾತ್ರ ತಿಳಿದವರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಇಷ್ಟು ದೊಡ್ಡ ಗ್ರಿಡ್‌ನಲ್ಲಿ ನಮ್ಮ ಮನೆಯ ಒಂದು ಮೋಟಾರು ಯಾವ ಲೆಕ್ಕ ಎಂದು ಕೇಳುವವರಿಗೆ 2020ರ ಏಪ್ರಿಲ್ 5ನ್ನು ನೆನಪಿಸುತ್ತೇನೆ. ಕೊರೊನಾ ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಮನೆಯ ದೀಪ ಆರಿಸಿ ಹಣತೆ ಹಚ್ಚಿದೆವಲ್ಲ, ಆ ರಾತ್ರಿ. ಆರಿದ್ದು ದೀಪಗಳು ಮಾತ್ರ. ಫ್ಯಾನು, ಫ್ರಿಜ್ ಓಡುತ್ತಲೇ ಇರಲಿ ಎಂದು ಮೊದಲೇ ಕೇಳಿಕೊಂಡಿದ್ದರು. ಅಷ್ಟಕ್ಕೇ ದೇಶದ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿಯಿತು. ಅಧಿಕಾರಿಗಳು ಅಂದಾಜಿಸಿದ್ದಕ್ಕಿಂತ ಅದು ಎರಡು ಪಟ್ಟು ಹೆಚ್ಚು. ಜಲವಿದ್ಯುತ್ ಕೇಂದ್ರಗಳು ಆ ಹೊತ್ತಿಗೆ ಸರಿಯಾಗಿ ಉತ್ಪಾದನೆ ಇಳಿಸಿ, ದೀಪ ಮತ್ತೆ ಹೊತ್ತಿಕೊಳ್ಳುವಾಗ ಏರಿಸಿ ಗ್ರಿಡ್ಡನ್ನು ಹಿಡಿದು ನಿಲ್ಲಿಸಿದವು. ನಾನು ಮೊಬೈಲ್ ಹಿಡಿದು ಫ್ರೀಕ್ವೆನ್ಸಿ ನೋಡುತ್ತಾ ಕೂತಿದ್ದೆ. ಅದು 50.26ರವರೆಗೆ ಹೋಗಿ ಬಂದದ್ದು ಆಮೇಲೆ ವರದಿಯಲ್ಲಿ ಬಂತು. ಮನೆಯ ಸ್ವಿಚ್ಚುಗಳೆಲ್ಲ ಸೇರಿದರೆ ಎಂಥ ಶಕ್ತಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಈಗ ಸೋಲಾರ್ ವಿಷಯಕ್ಕೆ ಬರುತ್ತೇನೆ. ಪಿಎಂ ಸೂರ್ಯ ಘರ್ ಯೋಜನೆ 2024ರಲ್ಲಿ ಬಂದ ಮೇಲೆ ನಮ್ಮ ಬಡಾವಣೆಯಲ್ಲಿ ಮಾಳಿಗೆಗಳು ಒಂದೊಂದಾಗಿ ನೀಲಿಯಾಗುತ್ತಿವೆ. ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ, ನಾನೂ ಪಡೆದಿದ್ದೇನೆ. ಪ್ಯಾನಲ್ ಮಾರಲು ಬರುವ ಹುಡುಗರು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಾರೆ: ಗ್ರಿಡ್ ಎಂದರೆ ಬ್ಯಾಂಕು, ಹಗಲು ಜಮಾ ಮಾಡಿ, ರಾತ್ರಿ ತೆಗೆದುಕೊಳ್ಳಿ. ಬಿಲ್ಲಿನ ಲೆಕ್ಕಕ್ಕೆ ಆ ಮಾತು ಸರಿ, ನೆಟ್ ಮೀಟರ್ ಹಾಗೇ ಲೆಕ್ಕ ಹಾಕುತ್ತದೆ. ಆದರೆ ಈ ಬ್ಯಾಂಕಿನಲ್ಲಿ ತಿಜೋರಿ ಇಲ್ಲ. ಮಧ್ಯಾಹ್ನ ನಾವು ಹೊರಗೆ ಕಳಿಸಿದ ಯೂನಿಟ್ಟನ್ನು ಆ ಕ್ಷಣದಲ್ಲೇ ಇನ್ನೊಬ್ಬರು ಬಳಸಿ ಮುಗಿಸಬೇಕು. ರಾತ್ರಿ ಎಂಟಕ್ಕೆ ನಾವು ಎಳೆದುಕೊಳ್ಳುವ ಯೂನಿಟ್ಟನ್ನು ಶಕ್ತಿನಗರದಲ್ಲೋ ಯರಮರಸ್‌ನಲ್ಲೋ ಬಳ್ಳಾರಿಯ ಕುಡಿತಿನಿಯಲ್ಲೋ ಆ ಕ್ಷಣದಲ್ಲೇ ಕಲ್ಲಿದ್ದಲು ಸುಟ್ಟು ಮಾಡಬೇಕು.

ಇದರ ಬಿಸಿ ಥರ್ಮಲ್‌ನಲ್ಲಿ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್. ಹೊತ್ತು ಏರಿದಂತೆ ಸೋಲಾರ್ ಏರುತ್ತದೆ, ಕಲ್ಲಿದ್ದಲು ಘಟಕಗಳಿಗೆ ಇಳಿಸಿ ಎಂದು ಫೋನು ಬರುತ್ತದೆ. ಬಾಯ್ಲರಿನ ಉರಿಯನ್ನು ಬೇಕಾದಷ್ಟು ತಗ್ಗಿಸಲು ಬರುವುದಿಲ್ಲ. ಒಂದು ಮಟ್ಟಕ್ಕಿಂತ ಇಳಿದರೆ ಜ್ವಾಲೆ ನಿಲ್ಲದೆ ಓಲಾಡುತ್ತದೆ, ಆಗ ದುಬಾರಿ ಎಣ್ಣೆ ಸುಟ್ಟು ಅದನ್ನು ಹಿಡಿದಿಡಬೇಕು. ಸಂಜೆ ಐದರ ಮೇಲೆ ಸೂರ್ಯ ಕೈಬಿಡುತ್ತಾನೆ, ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಟಿವಿ, ಕೂಲರ್, ಎಸಿ ಹೊತ್ತಿಕೊಳ್ಳುತ್ತವೆ. ಆಗ ಏರಿಸಿ, ಬೇಗ ಏರಿಸಿ ಎಂಬ ಫೋನು. ದಿನವೂ ಹೀಗೆ ಕಾಯಿಸಿ ಆರಿಸಿ ಮಾಡಿದರೆ ಬಾಯ್ಲರಿನ ಕೊಳವೆಗಳು ಬಳಲಿ ಸೀಳುತ್ತವೆ. ಅಂಥ ಒಂದು ಸೀಳಿನಿಂದ ಘಟಕ ನಿಂತರೆ ಮತ್ತೆ ಹತ್ತಲು ದಿನಗಳೇ ಬೇಕು. ಜೊತೆಗೆ ನಮ್ಮ ಮಾಳಿಗೆಗಳ ಸೋಲಾರ್ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರ ಪರದೆಯ ಮೇಲೆ ಉತ್ಪಾದನೆಯಾಗಿ ಕಾಣುವುದೂ ಇಲ್ಲ. ಬೇಡಿಕೆ ಕಡಿಮೆಯಾದಂತೆ ಕಾಣುತ್ತದೆ ಅಷ್ಟೆ. ಒಂದು ಮೋಡ ಬಂದರೆ ಆ ಬೇಡಿಕೆ ಎಲ್ಲಿಂದಲೋ ಎದ್ದು ಬಂದ ಹಾಗೆ ತೋರುತ್ತದೆ.

ಆದ್ದರಿಂದ ನನ್ನ ಮನೆಯ ಮಟ್ಟಿಗೆ ನಾನು ಮಾಡಿಕೊಂಡ ನೇಮ ಒಂದೇ: ಹಗಲಿನ ಕರೆಂಟ್ ಹಗಲೇ, ಹುಟ್ಟಿದ ಮನೆಯಲ್ಲೇ ಆದಷ್ಟು ಖರ್ಚಾಗಲಿ, ಸಂಜೆ ಆರರಿಂದ ಹತ್ತರವರೆಗೆ ಹೊರಗಿನಿಂದ ಎಳೆಯುವುದು ಆದಷ್ಟು ಕಡಿಮೆಯಾಗಲಿ.

ಏಪ್ರಿಲ್ ತಿಂಗಳ ಒಂದು ದಿನ ಹೇಗಿರುತ್ತದೆ ಹೇಳುತ್ತೇನೆ. ನಳದ ನೀರು ಬೆಳಗಿನ ಜಾವ ಬಂದು ಸಂಪಿಗೆ ಬೀಳುತ್ತದೆ. ಮೊದಲಾಗಿದ್ದರೆ ಕೂಡಲೇ ಮೋಟಾರು ಹಾಕಿ ಮೇಲಿನ ಟ್ಯಾಂಕ್ ತುಂಬಿಸುತ್ತಿದ್ದೆವು, ಇಡೀ ಓಣಿಯೇ ಹಾಗೆ ಮಾಡುತ್ತದೆ. ಈಗ ಟ್ಯಾಂಕ್ ಹಿಂದಿನ ದಿನದ ಮಧ್ಯಾಹ್ನವೇ ತುಂಬಿರುವುದರಿಂದ ಬೆಳಗಿನ ಸ್ನಾನಕ್ಕೆ, ಪಾತ್ರೆಗೆ ಚಿಂತೆಯಿಲ್ಲ. ಪ್ಯಾನಲ್ಲುಗಳನ್ನು ಏಳರೊಳಗೆ ನೀರು ಹಾಕಿ ಒರೆಸುತ್ತೇನೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು, ಅದಕ್ಕೆ ಬೆಳಗ್ಗೆಯೇ ಆಗಬೇಕು. ನಮ್ಮೂರಿನ ಧೂಳು ಒರೆಸಿದ ಬಟ್ಟೆಯನ್ನು ಹಿಂಡಿದರೆ ಬೂದು ಬಣ್ಣದ ನೀರು ಇಳಿಯುತ್ತದೆ, ಪ್ಯಾನಲ್ಲಿನ ಕೆಳ ಅಂಚಿನಲ್ಲಿ ಅದು ಕೆಸರಿನ ಗೆರೆಯಾಗಿ ಕೂತಿರುತ್ತದೆ. ಆ ಗೆರೆಯನ್ನು ಹಾಗೇ ಬಿಟ್ಟರೆ ಕೆಳಸಾಲಿನ ಸೆಲ್ಲುಗಳಿಗೆ ಬಿಸಿಲು ತಾಗುವುದಿಲ್ಲ, ಅಷ್ಟು ಸಣ್ಣ ನೆರಳು ಇಡೀ ಪ್ಯಾನಲ್ಲನ್ನೇ ಎಳೆದು ಕೂರಿಸುತ್ತದೆ. ಹತ್ತೂವರೆಗೆ ವಾಷಿಂಗ್ ಮಷಿನ್, ಅದು ಮುಗಿದ ಮೇಲೆ ಮೋಟಾರು, ಆಮೇಲೆ ಗ್ರೈಂಡರ್ ಮತ್ತು ಇಸ್ತ್ರಿ. ಎರಡು ಭಾರದ ಯಂತ್ರಗಳು ಒಟ್ಟಿಗೆ ಓಡದಂತೆ ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ; ಈ ವಿಷಯದಲ್ಲಿ ನನಗಿಂತ ಅವಳದೇ ಕಟ್ಟುನಿಟ್ಟು. ಮೋಟಾರು ಹತ್ತುವ ಕ್ಷಣದಲ್ಲಿ ಅದು ಓಡುವಾಗ ತೆಗೆದುಕೊಳ್ಳುವುದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ ಒಂಟಿಯಾಗಿ ಹತ್ತಿಸುವುದೇ ಮೇಲು.

ನಮ್ಮ ಕಡೆ ಬಿಸಿಲು ಜಾಸ್ತಿ, ಹಾಗಾಗಿ ಸೋಲಾರ್ ಕೂಡ ಮೇ ತಿಂಗಳಲ್ಲೇ ಹೆಚ್ಚು ಕೊಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಪ್ಯಾನಲ್ಲಿಗೆ ಬೇಕಾದ್ದು ಬೆಳಕು, ಕಾವಲ್ಲ. ಅದರ ಮೇಲೆ ಬರೆದ ವಾಟ್ 25 ಡಿಗ್ರಿಯ ಲೆಕ್ಕದ್ದು, ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.35ರಿಂದ 0.4ರಷ್ಟು ಇಳಿಯುತ್ತದೆ. ರಾಯಚೂರಿನ ಮಧ್ಯಾಹ್ನ ಪ್ಯಾನಲ್ಲಿನ ಮೈ 65 ಡಿಗ್ರಿ ಮುಟ್ಟಿತೆಂದರೆ ಏಳರಲ್ಲೊಂದು ಪಾಲು ಅಲ್ಲೇ ಹೋಯಿತು. ಫೆಬ್ರವರಿ, ಮಾರ್ಚ್‌ನ ತಂಪು ಗಾಳಿಯ ದಿನಗಳಲ್ಲೇ ನನ್ನ ಇನ್ವರ್ಟರ್ (ಪ್ಯಾನಲ್ಲಿನ ಡಿಸಿಯನ್ನು ಮನೆಯ ಎಸಿ ಕರೆಂಟಾಗಿ ಮಾಡಿ ಗ್ರಿಡ್ಡಿಗೆ ಸೇರಿಸುವ ಪೆಟ್ಟಿಗೆ) ಒಳ್ಳೆಯ ಅಂಕಿ ತೋರಿಸುತ್ತದೆ.

ಕೋಣೆ ತಣಿಸುವ ಎಸಿ ಬಗ್ಗೆ ಒಂದು ಮಾತು. ನಮ್ಮ ಮನೆಗಳ ಗೋಡೆಗಳು ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೂ ಕಾವು ಬಿಡುತ್ತಲೇ ಇರುತ್ತವೆ. ಎಂಟಕ್ಕೆ ಕೋಣೆಗೆ ಹೋಗಿ 18ಕ್ಕೆ ಇಟ್ಟರೆ ಎಸಿ ಗಂಟೆಗಟ್ಟಲೆ ಏದುಸಿರು ಬಿಡುತ್ತದೆ, ಅದೂ ಗ್ರಿಡ್ ಅತ್ಯಂತ ಇಕ್ಕಟ್ಟಿನಲ್ಲಿರುವ ಹೊತ್ತಿನಲ್ಲಿ. ನಾವು ಮೂರೂವರೆಯಿಂದ ಐದರವರೆಗೆ, ಮಾಳಿಗೆಯ ಕರೆಂಟ್ ಇನ್ನೂ ಇರುವಾಗ, ಕಿಟಕಿಗೆ ದಪ್ಪ ಪರದೆ ಎಳೆದು 24ರಲ್ಲಿ ಕೋಣೆಯನ್ನು ತಣಿಸಿಬಿಡುತ್ತೇವೆ. ರಾತ್ರಿ 27ರಲ್ಲಿಟ್ಟು ಫ್ಯಾನ್ ಹಾಕಿದರೆ ಸಾಕಾಗುತ್ತದೆ. ವಯಸ್ಸಾದ ನನ್ನ ತಾಯಿ ಅದೇ ಕೋಣೆಯಲ್ಲಿ ಮಲಗುತ್ತಾರೆ, ಅವರಿಗೆ ಸೆಕೆಯಾದರೆ ನೇಮವನ್ನು ಬದಿಗಿಟ್ಟು 25 ಮಾಡುತ್ತೇನೆ. ಮನೆಯವರನ್ನು ಬೇಯಿಸಿ ಗ್ರಿಡ್ ಉಳಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಕೊನೆಯ ಮನೆಯ ಮಾಸ್ತರರು ಮಧ್ಯಾಹ್ನದ ಬಿಸಿಲಲ್ಲೇ ಬಂದರು. "ಸರ್, ಸೂರ್ಯ ನೆತ್ತಿಯ ಮೇಲಿದ್ದಾನೆ, ನಮ್ಮ ಇನ್ವರ್ಟರ್ ಕೆಂಪು ದೀಪ ತೋರಿಸಿಕೊಂಡು ಕೂತಿದೆ. ದಿನಾ ಇದೇ ಹೊತ್ತಿಗೆ ಹೀಗೆ. ಮಷಿನ್ ಹಳೆಯದನ್ನು ಕೊಟ್ಟಿದ್ದಾರೇನೋ ಒಂದು ಸಲ ನೋಡಿ" ಎಂದರು. ಮಲ್ಟಿಮೀಟರ್ ತೆಗೆದುಕೊಂಡು ಹೋದೆ. ಸ್ವಿಚ್ ಬೋರ್ಡಿನ ಸಾಕೆಟ್ಟಿನಲ್ಲಿ ಇಟ್ಟರೆ 254 ವೋಲ್ಟ್. ಇನ್ವರ್ಟರಿನಲ್ಲಿ ಯಾವ ದೋಷವೂ ಇರಲಿಲ್ಲ. 230ರ ಮೇಲೆ ಶೇಕಡಾ 10 ದಾಟಿದರೆ, ಅಂದರೆ 253 ಮೀರಿದರೆ, ಎರಡು ಸೆಕೆಂಡಿನೊಳಗೆ ಅದು ಗ್ರಿಡ್ಡಿನಿಂದ ಕಳಚಿಕೊಳ್ಳಬೇಕೆಂದು ನಿಯಮವೇ ಇದೆ, ಅದು ಆ ನಿಯಮ ಪಾಲಿಸುತ್ತಿತ್ತು.

ವೋಲ್ಟೇಜ್ ಏರಿದ್ದು ಹೇಗೆ? ನಮ್ಮ ಓಣಿಯ ತಂತಿ ಎಳೆದದ್ದು ಟಿಸಿಯಿಂದ (ಓಣಿಯ ಟ್ರಾನ್ಸ್‌ಫಾರ್ಮರ್) ಮನೆಗೆ ಕರೆಂಟ್ ಹರಿಯಲೆಂದು. ಹಾಗೆ ಹರಿಯುವಾಗ ದೂರದ ಮನೆಗೆ ವೋಲ್ಟೇಜ್ ಕಡಿಮೆಯಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಧ್ಯಾಹ್ನ ಮನೆಗಳಲ್ಲಿ ಯಾರೂ ಏನೂ ಬಳಸದೆ, ನಾಲ್ಕಾರು ಮಾಳಿಗೆಗಳಿಂದ ಕರೆಂಟ್ ತಿರುಗಿ ಟಿಸಿಯ ಕಡೆ ನುಗ್ಗಿದರೆ ಅದೇ ತಂತಿಯಲ್ಲಿ ಅದೇ ಲೆಕ್ಕ ಉಲ್ಟಾ ಆಗುತ್ತದೆ, ಕೊನೆಯ ಮನೆಯಲ್ಲಿ ವೋಲ್ಟೇಜ್ ಅತಿ ಹೆಚ್ಚು. ಮಾಸ್ತರರಿಗೆ ಬೋರ್‌ವೆಲ್ ಮೋಟಾರು ಮತ್ತು ಎಸಿ ಹಾಕಲು ಹೇಳಿದೆ. ಮೀಟರಿನ ಅಂಕಿ 254ರಿಂದ 252ಕ್ಕೆ, ಸ್ವಲ್ಪ ಹೊತ್ತಿಗೆ 249ಕ್ಕೆ ಇಳಿಯಿತು. ಕೆಲವು ನಿಮಿಷ ಕಳೆದ ಮೇಲೆ ಇನ್ವರ್ಟರಿನಲ್ಲಿ ಹಸಿರು ದೀಪ ಬಂತು. ಮಾಸ್ತರರು ಮೀಟರಿನ ಅಂಕಿಯನ್ನೂ ದೀಪವನ್ನೂ ಒಂದರ ನಂತರ ಒಂದು ನೋಡುತ್ತಾ, "ಅಂದರೆ ಹಗಲು ನಾವು ಖರ್ಚು ಮಾಡದೆ ಇದ್ದದ್ದೇ ತೊಂದರೆಯಾಯಿತೇ?" ಎಂದು ಕೇಳಿದರು. ಹೌದು ಎಂದೆ. ಅವರ ಮನೆಯಲ್ಲೂ ಈಗ ನೀರು ಹತ್ತುವುದು ಮಧ್ಯಾಹ್ನವೇ.

ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟ ಮೇಲೆ ಲೈನ್‌ಮ್ಯಾನ್ ಬಂದು ಕಂಬ ಹತ್ತಿ ನೋಡಿ, "ಸರ್, ಸೋಲಾರ್ ಇರುವ ಮನೆಗಳೆಲ್ಲ ಒಂದೇ ಫೇಸಿನ ಮೇಲೆ ಕೂತಿವೆ" ಎಂದು ಎರಡು ಮನೆಗಳ ಸರ್ವಿಸ್ ವೈರನ್ನು ಬೇರೆ ಫೇಸಿಗೆ, ಅಂದರೆ ಕಂಬದ ಮೂರು ಕರೆಂಟ್ ತಂತಿಗಳಲ್ಲಿ ಬೇರೊಂದಕ್ಕೆ, ಬದಲಾಯಿಸಿದರು. ತೊಂದರೆ ಬಹುಮಟ್ಟಿಗೆ ನಿಂತಿತು.

ಇಂಥ ಕಡೆ ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಟೆಕ್ನಿಷಿಯನ್ನನಿಗೆ ಹೇಳಿ ಇನ್ವರ್ಟರಿನ ಸೆಟ್ಟಿಂಗ್ ಒಳಗೆ ಹೋಗಿ 253ನ್ನು 265ಕ್ಕೋ 270ಕ್ಕೋ ಏರಿಸಿಕೊಳ್ಳುತ್ತಾರೆ. ದಯವಿಟ್ಟು ಈ ಕೆಲಸ ಮಾಡಬೇಡಿ, ಮಾಡಿಸಿಕೊಂಡಿದ್ದರೆ ವಾಪಸ್ ಹಾಕಿಸಿ. ಆ ಹೆಚ್ಚಿನ ವೋಲ್ಟೇಜ್ ಪಕ್ಕದ ಮನೆಯ ಫ್ರಿಜ್ಜಿಗೂ ಬಡಿಯುತ್ತದೆ, ಆ ಮನೆಯವರು ಸೋಲಾರಿನಿಂದ ಒಂದು ಪೈಸೆ ಲಾಭ ಪಡೆದವರಲ್ಲ. ಇನ್ವರ್ಟರಿನ ಒಳಗಿರುವ ಇಂಥ ಒಂದು ಅಂಕಿ ಎಷ್ಟು ತೂಕದ್ದು ಎಂಬುದಕ್ಕೆ ಜರ್ಮನಿಯ ಅನುಭವವಿದೆ. ಅಲ್ಲಿ ಮೊದಲು ಎಲ್ಲ ಸೋಲಾರ್ ಇನ್ವರ್ಟರುಗಳೂ ಫ್ರೀಕ್ವೆನ್ಸಿ 50.2 ಮುಟ್ಟಿದ ಕೂಡಲೇ ಒಟ್ಟಿಗೆ ಆರುವಂತೆ ಹೊಂದಿಸಲ್ಪಟ್ಟಿದ್ದವು. ಸೋಲಾರ್ ಬೆಳೆದ ಮೇಲೆ, ಅಷ್ಟೂ ಒಮ್ಮೆಗೇ ಆರಿದರೆ ಯುರೋಪಿನ ಗ್ರಿಡ್ಡೇ ಅಲ್ಲಾಡೀತು ಎಂದು ತಿಳಿದು, 2012ರಿಂದ ಲಕ್ಷಗಟ್ಟಲೆ ಇನ್ವರ್ಟರುಗಳನ್ನು ಹುಡುಕಿಕೊಂಡು ಹೋಗಿ ಸೆಟ್ಟಿಂಗ್ ಬದಲಿಸಬೇಕಾಯಿತು. 2025ರ ಏಪ್ರಿಲ್ 28ರ ನಡುಹಗಲಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದದ್ದಂತೂ ವೋಲ್ಟೇಜ್ ಏರುತ್ತಾ ಹೋಗಿ, ಉತ್ಪಾದನೆ ಒಂದರ ಹಿಂದೊಂದು ಕಳಚಿಕೊಂಡು. ಓಣಿಯ 254 ವೋಲ್ಟಿಗೂ ಆ ದೊಡ್ಡ ಗ್ರಿಡ್ಡಿಗೂ ಅಳತೆಯಲ್ಲಿ ಹೋಲಿಕೆಯಿಲ್ಲ ನಿಜ. ಆದರೂ ವೋಲ್ಟೇಜ್ ಏರಿದರೆ ಏನಂತೆ, ದೀಪ ಇನ್ನಷ್ಟು ಬೆಳಗುತ್ತದೆ ಎನ್ನುವವರಿಗೆ ನಾನು ಆ ದಿನದ ಕಥೆ ಹೇಳುತ್ತೇನೆ.

ಇನ್ನೊಂದು ದೂರು: ಕರೆಂಟ್ ಹೋದರೆ ಸೋಲಾರೂ ಹೋಗುತ್ತದೆ, ಹಾಗಾದರೆ ಅದನ್ನು ಹಾಕಿಸಿ ಏನು ಬಂತು? ಅದು ಹೋಗಲೇಬೇಕು. ಲೈನು ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಮನುಷ್ಯನ ಕೈಗೆ ನಮ್ಮ ಮಾಳಿಗೆಯಿಂದ ಕರೆಂಟ್ ಹರಿದು ಬಂದರೆ ಅವನು ಉಳಿಯುವುದಿಲ್ಲ. ಕತ್ತಲಲ್ಲೂ ಕರೆಂಟ್ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಇದೆ, ಅದು ಮನೆಯನ್ನು ಗ್ರಿಡ್ಡಿನಿಂದ ಬೇರ್ಪಡಿಸಿಕೊಂಡೇ ನಡೆಸುತ್ತದೆ. ಅದನ್ನು ಬಿಟ್ಟು ಜನರೇಟರ್ ತಂದು ಸಾಕೆಟ್ಟಿಗೆ ಚುಚ್ಚಿ ಇನ್ವರ್ಟರನ್ನು ಮರುಳುಮಾಡುವ ಉಪಾಯಗಳನ್ನು ಮೊಬೈಲಿನಲ್ಲಿ ನೋಡಿ ಮಾಡುವವರಿದ್ದಾರೆ. ಲೈನ್‌ಮ್ಯಾನ್‌ಗಳ ಜೊತೆ ಇಷ್ಟು ವರ್ಷ ಕಳೆದವನಾಗಿ ಕೈಮುಗಿದು ಕೇಳುತ್ತೇನೆ, ಬೇಡ.

ಹೋದ ಕರೆಂಟ್ ಮರಳಿ ಬರುವ ಕ್ಷಣವೂ ಜೋಪಾನದ್ದು. ಬೇಸಿಗೆಯಲ್ಲಿ ಎರಡು ಗಂಟೆ ಕರೆಂಟ್ ಇಲ್ಲದೆ ಬಂದಿತೆಂದರೆ ಓಣಿಯ ಎಲ್ಲ ಫ್ರಿಜ್, ಎಸಿ, ಕೂಲರ್, ಮೋಟಾರುಗಳು ಒಮ್ಮೆಗೇ ಮೇಲೆ ಬೀಳುತ್ತವೆ, ಯುಪಿಎಸ್ ಬ್ಯಾಟರಿಗಳೂ ಹಸಿದು ಎಳೆಯುತ್ತವೆ. ಸೋಲಾರ್ ಇನ್ವರ್ಟರುಗಳು ಮಾತ್ರ ಗ್ರಿಡ್ ನೆಟ್ಟಗಿದೆಯೇ ಎಂದು ನೋಡಿಕೊಂಡು ಸ್ವಲ್ಪ ತಡವಾಗಿ ಸೇರುತ್ತವೆ. ಆ ಕೆಲವು ನಿಮಿಷ ಪೂರ್ತಿ ಭಾರ ಟಿಸಿಯ ಮೇಲೆ. ಬಂದ ಕರೆಂಟ್ ಐದೇ ನಿಮಿಷದಲ್ಲಿ ಮತ್ತೆ ಹೋಗುವುದು, ಫ್ಯೂಸ್ ಹಾರುವುದು ಬಹಳ ಸಲ ಈ ಕಾರಣಕ್ಕೇ. ಕರೆಂಟ್ ಹೋದ ಕೂಡಲೇ ನಮ್ಮ ಮನೆಯಲ್ಲಿ ಎಸಿಯ ಎಂಸಿಬಿ ಕೆಳಗೆ, ಮೋಟಾರಿನ ಸ್ವಿಚ್ ಆಫ್. ಬಂದ ಮೇಲೆ ಹತ್ತು ನಿಮಿಷ ಫ್ಯಾನು, ದೀಪ ಮಾತ್ರ. ಪಕ್ಕದ ಮನೆಯ ಅಕ್ಕನಿಗೂ ಹೇಳಿದ್ದೇನೆ, ಅವರು ತಮ್ಮ ಸಾಲಿನ ಮನೆಗಳಿಗೆಲ್ಲ ಕಲಿಸಿದ್ದಾರೆ.

ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತವಿರುವಾಗ ಹೊತ್ತು ನೋಡುವುದೇಕೆ ಎಂದು ಸೋಲಾರ್ ಇಲ್ಲದವರು ಕೇಳುವುದುಂಟು. ಅವರಿಗೂ ಈ ಲೆಕ್ಕ ಅನ್ವಯಿಸುತ್ತದೆ, ಮಧ್ಯಾಹ್ನ ತುಂಬಿದ ಟ್ಯಾಂಕ್ ಸಂಜೆಯ ಟಿಸಿಗೆ ಹಗುರ. ಕೇಂದ್ರದ 2023ರ ನಿಯಮದಲ್ಲಿ ಬಿಸಿಲ ಹೊತ್ತಿನ ದರ ಶೇಕಡಾ 10ರಿಂದ 20ರಷ್ಟು ಕಡಿಮೆ, ಬೇಡಿಕೆ ಹೆಚ್ಚಿರುವ ಹೊತ್ತಿನ ದರ ಜಾಸ್ತಿ ಎಂಬ ಪದ್ಧತಿ ಬಂದಾಗಿದೆ. ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೆ ಅದನ್ನು ತರುವುದೇ ಉದ್ದೇಶ. ರೂಢಿ ಮೊದಲೇ ಆಗಿದ್ದರೆ ಒಳ್ಳೆಯದು.

ಮಾಸ್ತರರು ಈಗ ಐದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ಹಾಕಿಸುವ ಯೋಚನೆಯಲ್ಲಿದ್ದಾರೆ. ಹಾಕಿಸಿ ಎಂದಿದ್ದೇನೆ, ಒಂದು ಷರತ್ತಿನೊಂದಿಗೆ. ಕರೆಂಟ್ ಹೋದಾಗ ಮಾತ್ರ ಕೆಲಸ ಮಾಡುವಂತೆ ಅದನ್ನು ತುಂಬಿಸಿ ಕೂರಿಸಬಾರದು. ಹನ್ನೊಂದರಿಂದ ಎರಡರವರೆಗೆ, ವೋಲ್ಟೇಜ್ ಏರುವ ಹೊತ್ತಿಗೆ ತುಂಬಿಕೊಂಡು ಆರೂವರೆಯಿಂದ ಹತ್ತರೊಳಗೆ ಖಾಲಿಯಾಗುವಂತೆ, ಐದರಲ್ಲೊಂದು ಭಾಗ ಆಪತ್ತಿಗೆ ಉಳಿಯುವಂತೆ ಟೈಮರ್ ಹಾಕಿಸಬೇಕು. ಈ ಸೌಲಭ್ಯ ಇನ್ವರ್ಟರಿನಲ್ಲಿ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.

ಓಣಿಯಲ್ಲಿ ಸೋಲಾರ್ ಹೆಚ್ಚಾಗುತ್ತಿರುವವರು ಬೇಸಿಗೆ ಕಾಯದೆ ಫೆಬ್ರವರಿಯಲ್ಲೇ ಒಂದು ಕೆಲಸ ಮಾಡಿ. ಭಾನುವಾರ ಬಿಟ್ಟು ಬೇರೆ ದಿನ, ಮನೆಗಳು ಖಾಲಿಯಿರುವ ಹೊತ್ತಿನಲ್ಲಿ, ಹನ್ನೆರಡರಿಂದ ಎರಡರ ನಡುವೆ ವೋಲ್ಟೇಜ್ ನೋಡಿ ಬರೆದಿಡಿ. ಟಿಸಿಯ ಹತ್ತಿರದ ಮನೆಯದೊಂದು, ಕೊನೆಯ ಮನೆಯದೊಂದು. ಕೆಲವು ದಿನಗಳ ಅಂಕಿ, ಸಮಯ, ಆಯಾ ಮನೆಯ ಆರ್.ಆರ್. ನಂಬರು, ಕಂಬದ ನಂಬರು ಸೇರಿಸಿ ಎಲ್ಲರೂ ಸಹಿ ಹಾಕಿ ಒಂದೇ ಅರ್ಜಿ ಕೊಡಿ. ಬರೀ "ವೋಲ್ಟೇಜ್ ಸರಿಯಿಲ್ಲ" ಎಂದು ಬರೆದರೆ ಸಂಜೆಯ ಲೋ ವೋಲ್ಟೇಜ್ ಎಂದುಕೊಂಡು ಅದನ್ನು ಇನ್ನಷ್ಟು ಏರಿಸಿ ಹೋಗುವ ಸಂಭವವಿದೆ. ಅದಕ್ಕೆ ಮಧ್ಯಾಹ್ನದ ಅಂಕಿಯನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.